ಶಿಶುವಿಹಾರದಲ್ಲಿ ಸೇವೆ, ಜೊತೆಗೆ ಸ್ಪ್ಯಾನಿಷ್: ಶೇಲಾ, ಕುಸ್ಕೊ, ಸುಕ್ರೆ, ವಹಾಕಾ, ಸ್ಪೇನ್... ಯಾವುದು ಯಾರಿಗೆ?

"ಸ್ಪ್ಯಾನಿಷ್ ಕಲೀಬೇಕು, ಜೊತೆಗೆ ಅಲ್ಲಿನ ಪುಟ್ಟ ಮಕ್ಕಳ ಶಾಲೆಯಲ್ಲಿ ಒಂದಿಷ್ಟು ದಿನ ಕೆಲಸ ಮಾಡಬೇಕು. ಯಾವ ದೇಶ ಒಳ್ಳೇದು?" ಎಂದು ಕೇಳುವವರು ಈಚೆಗೆ ಜಾಸ್ತಿಯಾಗಿದ್ದಾರೆ. ಕೆಲಸ ಬಿಟ್ಟು ಆರು ತಿಂಗಳು ಸುತ್ತಾಡಲು ಹೊರಟವರು, ಡಿಗ್ರಿ ಮುಗಿಸಿ ಮುಂದೇನು ಎಂದು ಯೋಚಿಸುತ್ತಿರುವವರು, ಅಮೆರಿಕದಲ್ಲಿ ನೆಲೆಸಿ ಪಕ್ಕದ ಮನೆಯವರ ಜೊತೆ ಸ್ಪ್ಯಾನಿಷ್‌ನಲ್ಲಿ ಮಾತಾಡಲು ಆಸೆಪಡುವ ಕನ್ನಡಿಗರು, ಎಲ್ಲರ ಪ್ರಶ್ನೆಯೂ ಇದೇ.

ದೇಶದಿಂದ ಶುರು ಮಾಡಿದರೆ ಉತ್ತರ ಸಿಗುವುದಿಲ್ಲ. ಮೊದಲು ನಿಮ್ಮನ್ನೇ ಕೇಳಿಕೊಳ್ಳಿ: ಎಷ್ಟು ವಾರ ಬಿಡುವಿದೆ? ಅದು ವರ್ಷದ ಯಾವ ತಿಂಗಳಲ್ಲಿ? ವಿಮಾನ ಹತ್ತುವ ಹೊತ್ತಿಗೆ ಎಷ್ಟು ಸ್ಪ್ಯಾನಿಷ್ ಬಂದಿರುತ್ತದೆ? ಇವಿಷ್ಟು ತಿಳಿದರೆ ಅರ್ಧ ಪಟ್ಟಿ ತಾನಾಗೇ ಹೊಡೆದುಹೋಗುತ್ತದೆ. ಊರಿನ ಚೆಂದ, ಬೆಟ್ಟದ ಫೋಟೋ ಎಲ್ಲ ಆಮೇಲೆ.

ಎಷ್ಟು ವಾರ?

ಎರಡು ಮೂರು ವಾರ ಮಾತ್ರ ಬಿಡುವಿದ್ದರೆ ಶಿಶುವಿಹಾರದ ಆಸೆ ಬಿಡಿ. ನಿಮ್ಮ ಊರಿನ ಅಂಗನವಾಡಿಗೆ ಕನ್ನಡ ಬಾರದ ಯಾರೋ ಒಬ್ಬರು ಬಂದರು ಅಂದುಕೊಳ್ಳಿ. ಮಕ್ಕಳ ಹೆಸರು ಬಾಯಿಗೆ ಹತ್ತುವಷ್ಟರಲ್ಲಿ ಹೊರಟುಹೋದರು. ಮರುವಾರ ಇನ್ನೊಬ್ಬರು ಬಂದರು. ಅಂಗನವಾಡಿ ಟೀಚರ್ ಏನಂತಾರೆ? ಬಾಯಿಬಿಟ್ಟು ಏನೂ ಅನ್ನದಿರಬಹುದು, ಆದರೆ ಕೆಲಸ ಜಾಸ್ತಿಯಾಗುವುದು ಅವರಿಗೇ. ಮಧ್ಯ ಅಮೆರಿಕದ ಗ್ವಾಟೆಮಾಲಾದಲ್ಲಿ ಆಗುವುದೂ ಇದೇ. ಮೂರು ವರ್ಷದ ಮಗು ಎರಡೇ ದಿನದಲ್ಲಿ ತೊಡೆ ಏರುತ್ತದೆ. ಬಂದವರೆಲ್ಲ ಹೋಗುತ್ತಲೇ ಇದ್ದರೆ ಅದಕ್ಕೆ ಏನು ಅರ್ಥವಾದೀತು?

ಅನಾಥಾಲಯಗಳ ವಿಷಯದಲ್ಲಿ ಈ ಮಾತು ಲೋಕದ ಮಟ್ಟದಲ್ಲೇ ಚರ್ಚೆಯಾಗಿದೆ. ಪ್ರವಾಸಿಗಳು ಅನಾಥಾಲಯಗಳಲ್ಲಿ ಸ್ವಯಂಸೇವೆ ಮಾಡುವುದರಿಂದ ಆಗುವ ಹಾನಿಯನ್ನು ತಡೆಯಬೇಕು ಎಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆ 2019ರ ನಿರ್ಣಯದಲ್ಲಿ ಹೇಳಿದೆ. ಹಾಗಾಗಿ ಯಾರಾದರೂ ‘ಓಗಾರ್’ (ಮಕ್ಕಳ ನಿಲಯ) ಅಥವಾ ‘ಒರ್ಫನಾತೊ’ (ಅನಾಥಾಲಯ) ಎಂದು ತೋರಿಸಿದರೆ ಸುಮ್ನೆ ಮುಂದೆ ಹೋಗಿ. ಶಿಶುವಿಹಾರ ಹಾಗಲ್ಲ. ಮಕ್ಕಳು ಮಧ್ಯಾಹ್ನ ಅಮ್ಮನ ಕೈ ಹಿಡಿದು ಮನೆಗೆ ಹೋಗುತ್ತಾರೆ, ಕಾಯಂ ಟೀಚರ್ ಇರುತ್ತಾರೆ. ಆದರೂ ಬಂದುಹೋಗುವವರ ಸಾಲು ಉದ್ದವಾದರೆ ಅಲ್ಲೂ ತೊಂದರೆಯೇ.

ನನ್ನ ಲೆಕ್ಕದಲ್ಲಿ ಕಡಿಮೆ ಅಂದರೆ ಎಂಟು ವಾರ ಬೇಕು. ಮೊದಲ ಮೂರು ವಾರ ಬರೀ ಭಾಷೆಯ ತರಗತಿ. ಉಳಿದ ಐದು ವಾರ ಅರ್ಧ ದಿನ ಶಿಶುವಿಹಾರ, ಅರ್ಧ ದಿನ ತರಗತಿ. ಮೂರು ತಿಂಗಳಾದರೆ ಇನ್ನೂ ಒಳ್ಳೇದು. ಎರಡೇ ವಾರ ಇದ್ದವರು ಗ್ವಾಟೆಮಾಲಾದ ಆಂಟಿಗ್ವಾದಲ್ಲಿ ಒಂದು ಮನೆಯಲ್ಲಿ ಉಳಿದು, ಪೂರ್ತಿ ಹೊತ್ತು ಪಾಠಕ್ಕೆ ಕೂರಲಿ. ಆ ಮನೆಯ ಮಕ್ಕಳ ಜೊತೆ ಆಡಲು ಯಾರ ಅಪ್ಪಣೆಯೂ ಬೇಕಿಲ್ಲ.

ಯಾವ ತಿಂಗಳು?

ಇದನ್ನು ನೋಡದೆ ಹಣ ಕಟ್ಟಿ, ಹೋದಾಗ ಶಾಲೆಗೆ ಬೀಗ ಬಿದ್ದಿರುವುದನ್ನು ಕಂಡವರಿದ್ದಾರೆ. ಗ್ವಾಟೆಮಾಲಾದ ಶಾಲಾ ವರ್ಷ ಜನವರಿ ಮಧ್ಯದಿಂದ ಅಕ್ಟೋಬರ್‌ವರೆಗೆ. ಬೊಲಿವಿಯಾದಲ್ಲಿ ಫೆಬ್ರವರಿಯಲ್ಲಿ ಶುರುವಾಗಿ ನವೆಂಬರ್ ಕೊನೆಗೋ ಡಿಸೆಂಬರ್ ಮೊದಲಿಗೋ ಮುಗಿಯುತ್ತದೆ. ಪೆರುವಿನಲ್ಲಿ ಮಾರ್ಚ್‌ನಿಂದ ಡಿಸೆಂಬರ್. ಮೆಕ್ಸಿಕೊದಲ್ಲಿ ಆಗಸ್ಟ್ ಕೊನೆಯಿಂದ ಜುಲೈ ಮಧ್ಯದವರೆಗೆ, ಸ್ಪೇನ್‌ನಲ್ಲಿ ಸೆಪ್ಟೆಂಬರ್‌ನಿಂದ ಜೂನ್. ಎಕ್ವಡೋರ್‌ನಲ್ಲಿ ಒಂದೇ ದೇಶಕ್ಕೆ ಎರಡು ಲೆಕ್ಕ: ಕೀಟೊ, ಕ್ವೆಂಕಾ ಇರುವ ಬೆಟ್ಟದ ಕಡೆ ಸೆಪ್ಟೆಂಬರ್‌ಗೆ ಶಾಲೆ ತೆರೆಯುತ್ತದೆ, ಕರಾವಳಿಯಲ್ಲಿ ಏಪ್ರಿಲ್-ಮೇ ಹೊತ್ತಿಗೆ.

ಅಂದರೆ ನವೆಂಬರ್‌ನಿಂದ ಜನವರಿ ಮೊದಲವರೆಗೆ ಮಾತ್ರ ಬಿಡುವಿರುವವರಿಗೆ ಗ್ವಾಟೆಮಾಲಾ ಆಗುವುದಿಲ್ಲ. ಪೆರು, ಬೊಲಿವಿಯಾಗಳಲ್ಲೂ ನಡುವೆಯೇ ರಜೆ ಶುರುವಾಗುತ್ತದೆ. ಅವರು ಮೆಕ್ಸಿಕೊ ಕಡೆ ನೋಡಬೇಕು. ನಮ್ಮ ಬೇಸಿಗೆ ರಜೆಯಲ್ಲಿ, ಏಪ್ರಿಲ್-ಮೇ ತಿಂಗಳಲ್ಲಿ, ಹೋಗುವವರಿಗೆ ಎಲ್ಲ ಬಾಗಿಲೂ ತೆರೆದಿರುತ್ತದೆ. ಆದರೆ ಈಸ್ಟರ್‌ಗೆ ಮುಂಚಿನ ‘ಪವಿತ್ರ ವಾರ’ ಬಂದರೆ ಗ್ವಾಟೆಮಾಲಾ, ಮೆಕ್ಸಿಕೊಗಳಲ್ಲಿ ಶಾಲೆ ಬಂದ್. ಆಂಟಿಗ್ವಾದಲ್ಲಿ ಆ ವಾರ ಬೀದಿ ತುಂಬ ಬಣ್ಣದ ಮರದ ಪುಡಿಯ ಹಾಸು ಬಿಡಿಸಿ ಮೆರವಣಿಗೆ ಮಾಡುತ್ತಾರೆ. ನೋಡಲು ಚೆಂದ, ಆದರೆ ರೂಮಿನ ಬಾಡಿಗೆ ಕೇಳಿದರೆ ಎದೆ ಝಲ್ ಅನ್ನುತ್ತದೆ.

ದಿನದ ಲೆಕ್ಕವನ್ನೂ ನೋಡಬೇಕು. ಲ್ಯಾಟಿನ್ ಅಮೆರಿಕದ ಶಿಶುವಿಹಾರಗಳು ಹೆಚ್ಚಾಗಿ ಬೆಳಗಿನವು. ಎಂಟರ ಹೊತ್ತಿಗೆ ಶುರು, ಮಧ್ಯಾಹ್ನದ ಊಟದ ಹೊತ್ತಿಗೆ ಮನೆಗೆ. ಭಾಷಾ ಶಾಲೆಗಳೂ ಸಾಮಾನ್ಯವಾಗಿ ಬೆಳಗಿನ ತರಗತಿಯನ್ನೇ ಕೊಡುತ್ತವೆ. "ನನಗೆ ಮಧ್ಯಾಹ್ನದ ಪಾಠ ಬೇಕು" ಎಂದು ಮೊದಲೇ ಬರೆಸಿಕೊಳ್ಳದಿದ್ದರೆ, ನಿಮ್ಮ ಪಾಠ ಮುಗಿದು ನೀವು ಹೋಗುವ ಹೊತ್ತಿಗೆ ಶಿಶುವಿಹಾರದಲ್ಲಿ ಕಸ ಗುಡಿಸುವವರು ಮಾತ್ರ ಸಿಗುತ್ತಾರೆ. ಮಧ್ಯಾಹ್ನವೂ ಮಕ್ಕಳಿರುವುದು ‘ಗ್ವಾರ್ದೆರಿಯಾ’ಗಳಲ್ಲಿ, ಅಂದರೆ ದುಡಿಯುವ ಅಮ್ಮಂದಿರು ಮಕ್ಕಳನ್ನು ಬಿಟ್ಟುಹೋಗುವ ಕಡೆ. ಅಲ್ಲಿ ಆಟ, ಊಟ, ನಿದ್ದೆ ನೋಡಿಕೊಳ್ಳುವುದೇ ಕೆಲಸ. ಪಾಠ ಕಡಿಮೆ.

ಎಷ್ಟು ಸ್ಪ್ಯಾನಿಷ್ ಬಂದಿರಬೇಕು?

ಪೂರ್ತಿ ಸೊನ್ನೆಯಿಂದ ಹೋಗಬೇಡಿ. ಭಾಷಾ ಕಲಿಕೆಯ ಮೊದಲ ಹಂತವಾದ ಎ1 ಮುಗಿಸಿದ್ದರೆ ಸಾಕು, ಅದರ ಮುಂದಿನ ಎ2 ಆಗಿದ್ದರೆ ಹಾಯಾಗಿರುತ್ತೀರಿ. ಈ ಹಂತಗಳ ‘ಡೆಲೆ’ ಪರೀಕ್ಷೆಯನ್ನು ನಡೆಸುವುದು ಸ್ಪೇನ್ ಸರ್ಕಾರದ ಸಂಸ್ಥೆ ಇನ್‌ಸ್ಟಿಟ್ಯೂಟೊ ಸೆರ್ವಾಂಟೆಸ್. ಅದರ ಕೇಂದ್ರ ದೆಹಲಿಯಲ್ಲಿದೆ. ಪರೀಕ್ಷೆ ಬರೆಯಲೇಬೇಕೆಂದಿಲ್ಲ, ಆ ಹಂತದ ಪುಸ್ತಕ ಓದಿ ಮುಗಿಸಿದ್ದರೂ ನಡೆಯುತ್ತದೆ.

ಕನ್ನಡ ಬಲ್ಲವರಿಗೆ ಈ ಭಾಷೆ ಅರ್ಧ ಪರಿಚಿತ. ತ, ದ ಎರಡೂ ನಮ್ಮವೇ. ಸ್ವರಗಳು ಬರೆದಂತೆ ಕೇಳುತ್ತವೆ. ‘ನಾನು’ ಎಂದು ಹೇಳದೆಯೇ ‘ತಿಂತೀನಿ’ ಎಂದು ಕ್ರಿಯಾಪದದಲ್ಲೇ ಮುಗಿಸುವ ಅಭ್ಯಾಸ ಅಲ್ಲೂ ಇದೆ. ಇಂಗ್ಲಿಷಿನವರು ತಿಂಗಳುಗಟ್ಟಲೆ ತಿಣುಕುವ ‘ಮೆ ಗುಸ್ತಾ’ ನಮ್ಮ ‘ನನಗೆ ಇಷ್ಟ’ದ ಹಾಗೇ ಕೂರುತ್ತದೆ. ನೀನು-ನೀವು ಭೇದವೂ ಉಂಟು. ನಾವು ತಡವರಿಸುವುದು ಲಿಂಗದಲ್ಲಿ. ಮೇಜು ಹೆಣ್ಣು, ಪುಸ್ತಕ ಗಂಡು ಅಂದರೆ ನಗು ಬರುತ್ತದೆ, ಆದರೆ ತಪ್ಪಿದರೆ ಐದು ವರ್ಷದ ಮಗು ಮುಖಕ್ಕೆ ಹೊಡೆದ ಹಾಗೆ ತಿದ್ದುತ್ತದೆ.

ಯಾರ ಮೂಲಕ ಹೋಗುವುದು?

ಮೊದಲನೆಯದು ಏಜೆನ್ಸಿ. ನಿಮ್ಮ ಕಾರ್ಡಿನಿಂದ ಹಣ ಕಟ್ಟಿಸಿಕೊಂಡು ವಿಮಾನ ನಿಲ್ದಾಣದಿಂದ ಕರೆದೊಯ್ಯುವುದರಿಂದ ಹಿಡಿದು ಟಿ-ಶರ್ಟ್‌ವರೆಗೆ ಎಲ್ಲ ನೋಡಿಕೊಳ್ಳುತ್ತಾರೆ. ಮೊದಲ ಸಲ ಒಬ್ಬರೇ ವಿದೇಶಕ್ಕೆ ಹೊರಟವರ ಅಪ್ಪ-ಅಮ್ಮನಿಗೆ ಇದರಿಂದ ನಿದ್ದೆ ಬರುತ್ತದೆ, ಅಷ್ಟು ಪ್ರಯೋಜನ ಉಂಟು. ಆದರೆ ಕಟ್ಟಿದ ಹಣದಲ್ಲಿ ಶಿಶುವಿಹಾರಕ್ಕೆ ಎಷ್ಟು ಹೋಗುತ್ತದೆ ಎಂದು ಕೇಳಿ ನೋಡಿ. ಉತ್ತರ ಸುತ್ತಿ ಬಳಸಿ ಬಂದರೆ ಅಲ್ಲೇ ಬಿಟ್ಟುಬಿಡಿ.

ಎರಡನೆಯದು ಭಾಷಾ ಶಾಲೆ. ನನಗೆ ಹಿಡಿಸುವ ದಾರಿ ಇದೇ. ಗ್ವಾಟೆಮಾಲಾದ ಶೇಲಾ, ಬೊಲಿವಿಯಾದ ಸುಕ್ರೆ, ಪೆರುವಿನ ಕುಸ್ಕೊಗಳಲ್ಲಿ ಸ್ಪ್ಯಾನಿಷ್ ಕಲಿಸುವ ಹಲವು ಶಾಲೆಗಳಿಗೆ ಹತ್ತಿರದ ಶಿಶುವಿಹಾರಗಳ ಜೊತೆ ಹಳೇ ನಂಟಿದೆ. ಕೆಲವು ಶಾಲೆಗಳು ತಮ್ಮ ಲಾಭದಲ್ಲಿ ಒಂದು ಪಾಲನ್ನು ಅವಕ್ಕೆ ಕೊಡುತ್ತವೆ. ನೀವು ಪಾಠಕ್ಕೆ ಮಾತ್ರ ಹಣ ಕೊಡುತ್ತೀರಿ. ನಿಮ್ಮ ಟೀಚರ್‌ಗೆ ನಿಮ್ಮ ಭಾಷೆ ಎಷ್ಟು ಮುಂದುವರಿದಿದೆ ಗೊತ್ತಿರುತ್ತದೆ, "ಇನ್ನೊಂದು ವಾರ ತಡೀರಿ" ಎಂದು ಹೇಳುವ ಧೈರ್ಯವೂ ಇರುತ್ತದೆ. ಬೆಳಿಗ್ಗೆ ಮಕ್ಕಳ ಬಾಯಲ್ಲಿ ಕೇಳಿ ಅರ್ಥವಾಗದ್ದನ್ನು ಮಧ್ಯಾಹ್ನ ಅವರ ಮುಂದಿಟ್ಟು ಕೇಳಬಹುದು. ಏಜೆನ್ಸಿಯಲ್ಲಿ ಇದು ಸಿಗುವುದಿಲ್ಲ.

ಮೂರನೆಯದು ನೇರವಾಗಿ ಹೋಗಿ ಬಾಗಿಲು ತಟ್ಟುವುದು. ಭಾಷೆ ಚೆನ್ನಾಗಿ ಬಂದಿದ್ದು, ಊರಲ್ಲಿ ಒಂದು ತಿಂಗಳು ಕಳೆದು, ಯಾರೋ ಪರಿಚಯ ಮಾಡಿಸಿದರೆ ಇದಕ್ಕಿಂತ ಒಳ್ಳೇದು ಇಲ್ಲ. ಇಲ್ಲಿಂದಲೇ ಇಮೇಲ್ ಕಳಿಸಿ ಕಾಯುವುದು ವ್ಯರ್ಥ.

ಯಾವ ದಾರಿ ಹಿಡಿದರೂ ಒಂದು ಪರೀಕ್ಷೆ ಮಾಡಿ. ಅವರು ನಿಮ್ಮ ಪೊಲೀಸ್ ಸರ್ಟಿಫಿಕೇಟ್ ಕೇಳುತ್ತಾರಾ? ನಿಮ್ಮ ಜೊತೆ ತರಗತಿಯಲ್ಲಿ ಕಾಯಂ ಟೀಚರ್ ಇರುತ್ತಾರಾ? ಒಂದೇ ಹೊತ್ತಿಗೆ ಎಷ್ಟು ಮಂದಿ ವಾಲಂಟಿಯರ್‌ಗಳಿರುತ್ತಾರೆ? ಮಕ್ಕಳ ಫೋಟೋ ತೆಗೆಯಬಹುದಾ ಎಂದು ನೀವೇ ಕೇಳಿ. "ಓ, ಧಾರಾಳವಾಗಿ!" ಅಂದರೆ ಅನುಮಾನಪಡಿ. ಶುಕ್ರವಾರ ಬರೆದ ಇಮೇಲ್‌ಗೆ "ಸೋಮವಾರ ಬಂದುಬಿಡಿ" ಎಂದು ಉತ್ತರ ಬರುವ ಜಾಗ ಖಂಡಿತ ಬೇಡ. ನಿಮ್ಮನ್ನು ವಿಚಾರಿಸದೆ ಒಳಗೆ ಬಿಟ್ಟವರು ಬೇರೆ ಯಾರನ್ನು ಬೇಕಾದರೂ ಬಿಟ್ಟಾರು.

ಗಂಡಸರಿಗೆ ಒಂದು ಮಾತು. ತುಂಬ ಚಿಕ್ಕ ಮಕ್ಕಳ ತರಗತಿಗೆ ಗಂಡಸರನ್ನು ಸೇರಿಸಲು ಕೆಲವು ಕಡೆ ಹಿಂದೆಮುಂದೆ ನೋಡುತ್ತಾರೆ. ಆಟದ ಬಯಲು, ಅಡುಗೆಮನೆ, ರಿಪೇರಿ ಕೆಲಸ ಕೊಟ್ಟರೆ ಬೇಸರ ಬೇಡ. ಭಾಷೆ ಅಲ್ಲೇ ಜಾಸ್ತಿ ಸಿಗುತ್ತದೆ.

ಶೇಲಾ ಮತ್ತು ಆಂಟಿಗ್ವಾ, ಗ್ವಾಟೆಮಾಲಾ

ನಕ್ಷೆಯಲ್ಲಿ ಕ್ವೆಟ್ಸಾಲ್ಟೆನಾಂಗೊ, ಜನರ ಬಾಯಲ್ಲಿ ಶೇಲಾ. ಎತ್ತರ ಸುಮಾರು 2,330 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ತುದಿಯೇ 1,930 ಮೀಟರ್, ಇದು ಅದಕ್ಕಿಂತ ಮೇಲಿರುವ ಪೂರ್ತಿ ಪಟ್ಟಣ. ರಾತ್ರಿ ಚಳಿ ಚೆನ್ನಾಗಿಯೇ ಹಿಡಿಯುತ್ತದೆ, ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮಳೆ.

ಗ್ವಾಟೆಮಾಲಾದ ದೊಡ್ಡ ಅನುಕೂಲ ಒಬ್ಬರಿಗೆ ಒಬ್ಬರೇ ಟೀಚರ್. ಒಂದು ಚಿಕ್ಕ ಮೇಜು, ಎರಡು ಕುರ್ಚಿ, ದಿನಕ್ಕೆ ನಾಲ್ಕೈದು ಗಂಟೆ, ವಾರಕ್ಕೆ ಐದು ದಿನ. ತಪ್ಪಿಸಿಕೊಳ್ಳಲು ಪಕ್ಕದಲ್ಲಿ ಬೇರೆ ವಿದ್ಯಾರ್ಥಿಯೇ ಇರುವುದಿಲ್ಲ. ಮನೆಯೊಂದರಲ್ಲಿ ವಾಸ, ಊಟವೂ ಅಲ್ಲೇ. ಇಷ್ಟೆಲ್ಲ ಸೇರಿ ಸ್ಪೇನ್‌ನ ಖರ್ಚಿನ ಸಣ್ಣ ಪಾಲಿನಲ್ಲಿ ಮುಗಿಯುತ್ತದೆ. ಆಂಟಿಗ್ವಾದಲ್ಲೂ ಇದೇ ಪದ್ಧತಿ. ಅದು 1773ರ ಭೂಕಂಪದವರೆಗೆ ರಾಜಧಾನಿಯಾಗಿದ್ದ ಊರು, 1979ರಿಂದ ವಿಶ್ವ ಪರಂಪರೆಯ ತಾಣ. ತುಂಬ ಚೆಲುವಾದ ಊರೇ. ಆದರೆ ಕಾಫಿ ಅಂಗಡಿಯಲ್ಲಿ ನೀವು ಸ್ಪ್ಯಾನಿಷ್‌ನಲ್ಲಿ ಕೇಳಿದರೆ ಇಂಗ್ಲಿಷ್‌ನಲ್ಲಿ ಉತ್ತರ ಬರುತ್ತದೆ. ವಾಲಂಟಿಯರ್‌ಗಳ ನೂಕುನುಗ್ಗಲೂ ಅಲ್ಲೇ. ಹಾಗಾಗಿ ಶಿಶುವಿಹಾರಕ್ಕೆ ನನ್ನ ಮತ ಶೇಲಾಕ್ಕೆ.

ಶಾಲೆಗೆ ಸೇರುವ ಮೊದಲಿನ ವರ್ಷಗಳ ತರಗತಿಯನ್ನು ಅಲ್ಲಿ ‘ಪಾರ್ವುಲೋಸ್’ ಅನ್ನುತ್ತಾರೆ. ಟೀಚರ್ ಅಂದರೆ ‘ಸೆನ್ಯೊ’. ಶೇಲಾ ಸುತ್ತಲಿನ ಹಳ್ಳಿಗಳಲ್ಲಿ ಕೆಲವು ಮಕ್ಕಳ ಮನೆಮಾತು ಕಿಚೆ, ಇನ್ನು ಕೆಲವರದು ಮಾಮ್, ಎರಡೂ ಮಾಯಾ ಭಾಷೆಗಳು. ಅವರಿಗೂ ಸ್ಪ್ಯಾನಿಷ್ ಹೊಸತು. ಸೆನ್ಯೊ ಒಂದೊಂದು ಮಾತನ್ನೂ ನಿಧಾನವಾಗಿ, ಕೈಸನ್ನೆ ಮಾಡುತ್ತಾ, ಎರಡೆರಡು ಸಲ ಹೇಳುತ್ತಾರೆ. ನಿಮಗೆ ಬೇಕಾದದ್ದೂ ಅದೇ ಅಲ್ವಾ?

ಹತ್ತು ಗಂಟೆಯ ಹೊತ್ತಿಗೆ ‘ರೆಫಕ್ಸಿಯೋನ್’, ಅಂದರೆ ತಿಂಡಿ. ಸರ್ಕಾರಿ ಶಾಲೆಗಳಲ್ಲಿ ಇದನ್ನು ಕೊಡಲೇಬೇಕೆಂದು 2017ರಲ್ಲಿ ಕಾನೂನೇ ಬಂದಿದೆ. ಒಂದು ಲೋಟ ಬಿಸಿ ಅತೋಲ್, ಅಂದರೆ ಗಂಜಿಯಂಥ ಪಾನೀಯ, ಸಿಗುತ್ತದೆ, ಎಷ್ಟೋ ಸಲ ಇಂಕಪರೀನಾ ಹಾಕಿದ್ದು. ಮಕ್ಕಳ ಪೌಷ್ಟಿಕಾಂಶದ ಕೊರತೆ ನೀಗಲು ಗ್ವಾಟೆಮಾಲಾದ ಇಂಕಾಪ್ ಸಂಸ್ಥೆಯಲ್ಲಿ 1950ರ ದಶಕದಲ್ಲಿ ತಯಾರಾದ ಹಿಟ್ಟು ಅದು. ಮನೆಯಿಂದ ಪ್ಯಾಕೆಟ್ ತಂದ ಮಕ್ಕಳು ನೇರ ನಿಮ್ಮ ಹತ್ತಿರ ಬರುತ್ತಾರೆ. ಪುಟ್ಟ ಬೆರಳಿಗೆ ಆ ಪ್ಲಾಸ್ಟಿಕ್ ಹರಿಯುವುದಿಲ್ಲ. "ಸೆನ್ಯೊ, ಆಬ್ರಮೆ!" ಎಂದು ಒಬ್ಬಳು ಬಾಳೆಕಾಯಿ ಚಿಪ್ಸ್ ಚಾಚುತ್ತಾಳೆ. ಬಿಡಿಸಿಕೊಟ್ಟಿರೋ, ಹಿಂದೆ ಆರು ಮಂದಿ ಸಾಲು ನಿಂತಿರುತ್ತಾರೆ, ಆಬ್ರಮೆ, ಆಬ್ರಮೆ, ಆಬ್ರಮೆ. ಆಮೇಲೆ ಷೂ ಲೇಸು, ಆಮೇಲೆ ಮೂಗು. ‘ತೆಗೆದುಕೊಡಿ, ಕಟ್ಟಿಕೊಡಿ, ನೋಡಿ, ಬನ್ನಿ’ ಎಂಬ ಆಜ್ಞೆಯ ರೂಪಗಳು ಪುಸ್ತಕದಲ್ಲಿ ಎಷ್ಟೋ ಪಾಠದ ನಂತರ ಬರುತ್ತವೆ. ಇಲ್ಲಿ ಮೊದಲ ದಿನ ತಿಂಡಿ ಮುಗಿಯುವುದರೊಳಗೆ ಬಂದಿರುತ್ತವೆ.

ಆದರೆ ಮಕ್ಕಳಿಂದ ಕಲಿಯುವ ಭಾಷೆಗೆ ಮಿತಿಯಿದೆ. ಈಗ, ಬೇಕು, ಬೇಡ, ನಂದು, ಅವನು ಹೊಡೆದ. ಇದರಾಚೆ ಹೆಚ್ಚು ಹೋಗುವುದಿಲ್ಲ. ನಿಜವಾದ ಮಾತುಕತೆ ಸಿಗುವುದು ಎರಡು ಕಡೆ. ಒಂದು, ಅತೋಲ್ ಕದಡುವ ಅಡುಗೆಯವರ ಪಕ್ಕದಲ್ಲಿ ನಿಂತು ಲೋಟ ತೊಳೆಯುವಾಗ. ಇನ್ನೊಂದು, ಮಧ್ಯಾಹ್ನ ಗೇಟಿನ ಹತ್ತಿರ ಅಜ್ಜಿಯರು ಮಕ್ಕಳಿಗಾಗಿ ಕಾಯುವಾಗ. ‘ಪಾಠ ಮಾಡಲು ಬಂದೆ, ಲೋಟ ತೊಳೆಸುತ್ತಿದ್ದಾರೆ’ ಎಂದು ಗೊಣಗುವವರು ಇದನ್ನು ಕಳೆದುಕೊಳ್ಳುತ್ತಾರೆ.

ವಾಸದ ಮಿತಿ 90 ದಿನ. ಈ 90 ದಿನ ಗ್ವಾಟೆಮಾಲಾ, ಎಲ್ ಸಾಲ್ವಡೋರ್, ಹೊಂಡುರಾಸ್, ನಿಕರಾಗುವಾ ನಾಲ್ಕಕ್ಕೂ ಸೇರಿ. ಪಕ್ಕದ ಎಲ್ ಸಾಲ್ವಡೋರ್‌ಗೆ ಹೋಗಿ ಬಂದರೆ ಲೆಕ್ಕ ಹೊಸದಾಗಿ ಶುರುವಾಗುವುದಿಲ್ಲ.

ಕುಸ್ಕೊ, ಪೆರು

ಇಂಕಾ ಜನರ ಹಳೇ ಊರು ಮಾಚು ಪಿಚುಗೆ ಇಲ್ಲಿಂದಲೇ ಹೋಗುವುದರಿಂದ ಎಲ್ಲರಿಗೂ ಮೊದಲು ನೆನಪಾಗುವ ಊರು. ಎತ್ತರ 3,400 ಮೀಟರ್. ಮೊದಲ ಕೆಲವು ದಿನ ಮೆಟ್ಟಿಲು ಹತ್ತಿದರೆ ಉಬ್ಬಸ, ತಲೆನೋವು. ಮಕ್ಕಳ ಹಿಂದೆ ಓಡುವ ಕೆಲಸ ಆ ವಾರ ಬೇಡ. ಕೋಕಾ ಎಲೆಯ ಚಹಾ ಕೊಡುತ್ತಾರೆ, ಕುಡಿಯಿರಿ. ನೆನಪಿಗೆಂದು ಒಂದು ಪೊಟ್ಟಣ ಬ್ಯಾಗಿಗೆ ಮಾತ್ರ ಹಾಕಬೇಡಿ. ಕೋಕಾ ಎಲೆ ಭಾರತದಲ್ಲಿ ಮಾದಕ ವಸ್ತುಗಳ ಕಾನೂನಿನ ಕೆಳಗೆ ಬರುತ್ತದೆ.

ಪೇಟೆಯ ನಡುವಿನ ಶಿಶುವಿಹಾರಗಳಿಗೆ ವಾಲಂಟಿಯರ್‌ಗಳ ಕೊರತೆಯಿಲ್ಲ, ಜೂನ್‌ನಿಂದ ಆಗಸ್ಟ್‌ವರೆಗಂತೂ ಹೆಚ್ಚೇ. ಅಗತ್ಯ ಇರುವುದು ಊರಾಚೆಯ ಗುಡ್ಡದ ಬಡಾವಣೆಗಳಲ್ಲಿ. ಅಲ್ಲಿ ‘ಪ್ರೊನೊಯೆಯಿ’ ಎಂಬ ಸಣ್ಣ ಕೇಂದ್ರಗಳಿವೆ, ಆ ಕೇರಿಯವರೇ ಆದ ಒಬ್ಬ ‘ಪ್ರೊಮೊತೋರಾ’ ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಮೂರು ವರ್ಷದೊಳಗಿನವರಿಗೆ 2012ರಲ್ಲಿ ಶುರುವಾದ ‘ಕೂನಾ ಮಾಸ್’ ಎಂಬ ಸರ್ಕಾರಿ ಯೋಜನೆ ಇದೆ. ಮನೆಗಳಲ್ಲಿ ಅಲ್ಲಿನ ಮೂಲನಿವಾಸಿಗಳ ಭಾಷೆಯಾದ ಕೆಚುವಾ ಕೇಳುತ್ತದೆ, ಸ್ಪ್ಯಾನಿಷ್ ಬಿಡಿಸಿ ಬಿಡಿಸಿ ಆಡುತ್ತಾರೆ, ಕಿವಿಗೆ ಸುಲಭ.

ಭಾರತೀಯರಿಗೆ ಪೆರುವಿನ ಆಕರ್ಷಣೆ ಬೇರೆಯೇ. ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ ಅಥವಾ ಷೆಂಗೆನ್ ವೀಸಾ ಕನಿಷ್ಠ ಆರು ತಿಂಗಳ ಬಾಳಿಕೆ ಉಳಿಸಿಕೊಂಡಿದ್ದರೆ ಪೆರುವಿನ ಪ್ರವಾಸಿ ವೀಸಾ ಬೇಡ ಎಂದು 2017ರಲ್ಲಿ ವಿನಾಯಿತಿ ಕೊಟ್ಟರು. ಅಮೆರಿಕದಲ್ಲಿರುವ ಕನ್ನಡಿಗರಿಗೆ ಇದು ದೊಡ್ಡ ಅನುಕೂಲ.

ಸುಕ್ರೆ, ಬೊಲಿವಿಯಾ

ಹೆಸರು ಕಡಿಮೆ ಕೇಳಿರುತ್ತೀರಿ, ಅದೇ ಇದರ ಲಾಭ. ಬೊಲಿವಿಯಾದ ಸಂವಿಧಾನ ಹೇಳುವ ರಾಜಧಾನಿ ಇದು, ಲಾ ಪಾಸ್ ಅಲ್ಲ. ಬಿಳಿ ಗೋಡೆಗಳ ಊರು, ಎತ್ತರ ಸುಮಾರು 2,800 ಮೀಟರ್, ಹಿತವಾದ ಹವೆ. 1624ರಲ್ಲಿ ಶುರುವಾದ ವಿಶ್ವವಿದ್ಯಾಲಯ ಇರುವುದರಿಂದ ಊರ ತುಂಬ ವಿದ್ಯಾರ್ಥಿಗಳು. ಜನ ನಿಧಾನವಾಗಿ, ಸ್ಪಷ್ಟವಾಗಿ ಮಾತಾಡುತ್ತಾರೆ. ಪ್ರವಾಸಿಗಳು ಕಡಿಮೆ, ಖರ್ಚು ಕಡಿಮೆ. ಮಾರುಕಟ್ಟೆಯಲ್ಲಿ ವ್ಯಾಪಾರ ಮಾಡುವ ಅಮ್ಮಂದಿರು ಮಕ್ಕಳನ್ನು ಬಿಡುವ ಗ್ವಾರ್ದೆರಿಯಾಗಳು ಇಲ್ಲಿವೆ, ಮಧ್ಯಾಹ್ನವೂ ಕೆಲಸ ಮಾಡಲು ಸಿಗಬಹುದು.

ತೊಡಕು ಎರಡು. ಬೊಲಿವಿಯಾದಲ್ಲಿ ಪ್ರತಿಭಟನೆ ಅಂದರೆ ರಸ್ತೆ ತಡೆ, ‘ಬ್ಲೊಕೆಯೊ’. ಶುರುವಾದರೆ ಬಸ್ಸು ದಿನಗಟ್ಟಲೆ ನಿಲ್ಲಬಹುದು. ವಾಪಸ್ ಬರುವ ವಿಮಾನಕ್ಕೆ ಮುಂಚೆ ಮೂರ್ನಾಲ್ಕು ದಿನ ಕೈಯಲ್ಲಿಟ್ಟುಕೊಳ್ಳಿ. ಭಾರತದಿಂದ ಅಲ್ಲಿಗೆ ತಲುಪುವುದೇ ಇನ್ನೊಂದು ತೊಡಕು. ದೂರ, ಮತ್ತು ಹಲವು ಕಡೆ ವಿಮಾನ ಬದಲಿಸಬೇಕು. ಮೂರು ತಿಂಗಳು ಇರುವವರಿಗೆ ಆ ಕಷ್ಟ ಲೆಕ್ಕಕ್ಕಿಲ್ಲ, ಆರು ವಾರಕ್ಕೆ ಹೋಗುವವರಿಗೆ ಅತಿಯಾಯಿತು.

ವಹಾಕಾ, ಮೆಕ್ಸಿಕೊ

ಊಟ, ಬಟ್ಟೆ, ಬಣ್ಣ, ಹಬ್ಬ ಎಲ್ಲದರಲ್ಲೂ ಈ ಪಟ್ಟಿಯ ಅತ್ಯಂತ ಸೊಗಸಾದ ಊರು. ಎತ್ತರ ಸುಮಾರು 1,550 ಮೀಟರ್, ಉಸಿರಿನ ತೊಂದರೆಯಿಲ್ಲ. ಝಪೊಟೆಕ್, ಮಿಕ್ಸ್‌ಟೆಕ್ ಜನರ ನಾಡು. ನವೆಂಬರ್ ಮೊದಲೆರಡು ದಿನ ಸತ್ತವರ ಹಬ್ಬ, ಶಿಶುವಿಹಾರದ ಮಕ್ಕಳೂ ಚೆಂಡುಹೂವಿನಿಂದ ಎಡೆಯ ಮೇಜು ಸಿಂಗರಿಸುತ್ತಾರೆ. ಅಮೆರಿಕದ ವೀಸಾ ಇದ್ದವರಿಗೆ ಮೆಕ್ಸಿಕೊಗೆ ಬೇರೆ ವೀಸಾ ಬೇಡ, 180 ದಿನದವರೆಗೆ ಇರಲು ಅವಕಾಶವಿದೆ.

ಒಂದನ್ನು ಮಾತ್ರ ಮರೆಯಬೇಡಿ. ವಹಾಕಾದ ಶಿಕ್ಷಕರ ಸಂಘ ‘ಸೆಕ್ಸಿಯೋನ್ 22’ ತುಂಬ ಗಟ್ಟಿ. ಮೇ-ಜೂನ್ ಹೊತ್ತಿಗೆ ಮುಷ್ಕರ ಹೂಡುವುದು ಅದರ ಹಳೇ ಪದ್ಧತಿ, 2006ರಲ್ಲಿ ಇಡೀ ಊರೇ ತಿಂಗಳುಗಟ್ಟಲೆ ಹೊತ್ತಿ ಉರಿದಿತ್ತು. ನಮ್ಮ ಬೇಸಿಗೆ ರಜೆಗೆ ಹೋದರೆ ಸರ್ಕಾರಿ ಶಿಶುವಿಹಾರ ಮುಚ್ಚಿರಬಹುದು. ಖಾಸಗಿ ಅಥವಾ ಸಂಸ್ಥೆಗಳು ನಡೆಸುವ ಕೇಂದ್ರ ಹುಡುಕಿ, ಇಲ್ಲವೇ ನವೆಂಬರ್‌ನಿಂದ ಮಾರ್ಚ್‌ವರೆಗೆ ಹೋಗಿ. ‘ಆವೊರೀತಾ’ ಅಂದರೆ ಪುಸ್ತಕದಲ್ಲಿ ‘ಈಗಲೇ’, ಮೆಕ್ಸಿಕೊದಲ್ಲಿ ‘ಆದಾಗ’. ಅಷ್ಟು ತಾಳ್ಮೆ ಇದ್ದವರಿಗೆ ಈ ಊರು.

ಸ್ಪೇನ್, ಎಕ್ವಡೋರ್

ಸ್ಪೇನ್‌ನಲ್ಲಿ ಎಂಟು ವಾರದ ಸ್ವಯಂಸೇವೆಗೆ ಜಾಗ ಸಿಗುವುದು ಕಷ್ಟ. ಮಕ್ಕಳ ಜೊತೆ ಕೆಲಸ ಮಾಡುವ ಯಾರೇ ಆಗಲಿ, ಸ್ವಯಂಸೇವಕರೂ ಸೇರಿ, ಲೈಂಗಿಕ ಅಪರಾಧದ ದಾಖಲೆ ಇಲ್ಲವೆಂಬ ಪ್ರಮಾಣಪತ್ರ ಕೊಡಬೇಕು ಎಂದು 2015ರಿಂದ ಕಾನೂನಿದೆ. ಇದು ಒಳ್ಳೇದೇ, ಬೇರೆ ದೇಶಗಳೂ ಕಲಿಯಬೇಕಾದ್ದು. ಭಾಷೆ ಆಗಲೇ ಚೆನ್ನಾಗಿ ಬರುವವರು ಸರ್ಕಾರದ ‘ಸಂಭಾಷಣಾ ಸಹಾಯಕ’ ಯೋಜನೆ ನೋಡಿ. ಅಕ್ಟೋಬರ್‌ನಿಂದ ಮೇವರೆಗೆ ಶಾಲೆಗಳಲ್ಲಿ ಇಂಗ್ಲಿಷ್ ತರಗತಿಗೆ ನೆರವಾಗುವ ಕೆಲಸ, ಪ್ರದೇಶಕ್ಕೆ ತಕ್ಕಂತೆ ತಿಂಗಳಿಗೆ 800ರಿಂದ 1,000 ಯೂರೊ ಕೈಗೆ ಸಿಗುತ್ತದೆ. ಆ ವರ್ಷದ ಪ್ರಕಟಣೆಯಲ್ಲಿ ದೇಶಗಳ ಪಟ್ಟಿಯನ್ನು ನೋಡಿಕೊಂಡೇ ಅರ್ಜಿ ಹಾಕಿ. ಆದರೆ ಅಲ್ಲಿ ನಿಮ್ಮಿಂದ ಇಂಗ್ಲಿಷ್ ಬೇಕು, ತರಗತಿಯಲ್ಲಿ ಸ್ಪ್ಯಾನಿಷ್ ಆಡಿದರೆ ಟೀಚರ್ ಹುಬ್ಬು ಗಂಟಿಕ್ಕುತ್ತಾರೆ. ಭಾಷೆ ಕಲಿಯುವುದು ಶಾಲೆ ಬಿಟ್ಟ ಮೇಲೆ.

ಎಕ್ವಡೋರ್‌ನ ಕ್ವೆಂಕಾ ಕಲಿಯಲು ಬಹಳ ಒಳ್ಳೆಯ ಊರು. ಆದರೆ 2019ರ ಆಗಸ್ಟ್‌ನಿಂದ ಭಾರತೀಯರಿಗೆ ವೀಸಾ ಕಡ್ಡಾಯ, 2024ರ ಜನವರಿಯಲ್ಲಿ ಸರ್ಕಾರವೇ ಗ್ಯಾಂಗುಗಳ ವಿರುದ್ಧ ‘ಆಂತರಿಕ ಸಶಸ್ತ್ರ ಸಂಘರ್ಷ’ ಸಾರಿತು. ಸದ್ಯಕ್ಕೆ ಪಟ್ಟಿಯ ಕೊನೆಯಲ್ಲಿಡಿ.

ಹಾಗಾದರೆ?

ಭಾಷೆ ಈಗಷ್ಟೇ ಶುರು ಮಾಡಿ, ಫೆಬ್ರವರಿ-ಸೆಪ್ಟೆಂಬರ್ ನಡುವೆ ಎರಡು ಮೂರು ತಿಂಗಳು ಬಿಡುವಿದ್ದರೆ ಶೇಲಾ. ಅದಕ್ಕಿಂತ ಜಾಸ್ತಿ ಬಿಡುವಿದ್ದು ಖರ್ಚು ಕಡಿಮೆ ಇರಲಿ ಅನ್ನುವವರಿಗೆ ಸುಕ್ರೆ. ಅಮೆರಿಕದ ವೀಸಾ ಇದ್ದು ಚಳಿಗಾಲದಲ್ಲಿ ಹೊರಡುವವರಿಗೆ ವಹಾಕಾ. ಮಾಚು ಪಿಚು ನೋಡಲೇಬೇಕೆಂಬ ಆಸೆ ಇದ್ದರೆ ಕುಸ್ಕೊ, ಆದರೆ ಊರಾಚೆಯ ಕೇಂದ್ರ. ಎ2 ನಂತರದ ಬಿ1 ಹಂತ ಮುಗಿಸಿದ್ದು ಇಡೀ ಶಾಲಾ ವರ್ಷ ಕೊಡಬಲ್ಲವರು ಸ್ಪೇನ್‌ಗೆ ಅರ್ಜಿ ಹಾಕಲಿ.

ಸಸ್ಯಾಹಾರಿಗಳು ಎಲ್ಲಿ ಹೋದರೂ ಬದುಕುತ್ತಾರೆ. ಶೇಲಾದಲ್ಲಿ ಕಪ್ಪು ಬೀನ್ಸ್ ಕಾಳು, ಜೋಳದ ತೊರ್ತಿಯಾ, ಹುರಿದ ಬಾಳೆ. ಕುಸ್ಕೊದಲ್ಲಿ ಆಲೂಗಡ್ಡೆ, ಕಿನೊವಾ ಸೂಪ್. ಆದರೆ ‘ಸಿನ್ ಕಾರ್ನೆ’ ಅಂದರೆ ಸಾಲದು. ಕೆಲವರಿಗೆ ಅದು ಬರೀ ದನದ ಮಾಂಸ, ಕೋಳಿ ತಟ್ಟೆಗೆ ಬಂದೇ ಬರುತ್ತದೆ. ಕೋಳಿ ಬೇಡ, ಮೀನು ಬೇಡ, ಕೋಳಿಯ ಸಾರೂ ಬೇಡ, ಹಂದಿ ಕೊಬ್ಬಿನಲ್ಲಿ ಹುರಿದ ಬೀನ್ಸ್ ಕಾಳೂ ಬೇಡ ಎಂದು ಒಂದೊಂದಾಗಿ ಹೇಳಿ. ಮನೆಯ ಯಜಮಾನಿ ಮೊದಲು ಅಯ್ಯೋ ಪಾಪ ಅನ್ನುತ್ತಾರೆ, ಮೂರನೇ ದಿನಕ್ಕೆ ಸರಿಹೋಗುತ್ತದೆ.

ಕಾಗದಪತ್ರಕ್ಕೆ ಮೂರು ತಿಂಗಳು ಮುಂಚೆ ಕೂರಿ. ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಪಾಸ್‌ಪೋರ್ಟ್ ಸೇವಾ ಕೇಂದ್ರದಿಂದ, ಅದಕ್ಕೆ ವಿದೇಶಾಂಗ ಇಲಾಖೆಯ ಅಪೋಸ್ಟಿಲ್ (ಬೇರೆ ದೇಶದವರು ಒಪ್ಪಲು ಬೇಕಾದ ದೃಢೀಕರಣ), ಕೇಳಿದರೆ ಸ್ಪ್ಯಾನಿಷ್ ಅನುವಾದ. ಪ್ರವಾಸಿ ವೀಸಾದಲ್ಲಿ ಸಂಬಳವಿಲ್ಲದ ಸೇವೆಗೆ ಅವಕಾಶ ಇದೆಯೇ ಎಂದು ಆಯಾ ದೇಶದ ದೆಹಲಿ ರಾಯಭಾರ ಕಚೇರಿಗೆ ಬರೆದು, ಉತ್ತರವನ್ನು ಇಟ್ಟುಕೊಳ್ಳಿ. ವಿನಾಯಿತಿಗಳು ಬದಲಾಗುತ್ತಿರುತ್ತವೆ, ಅದನ್ನೂ ಅಲ್ಲೇ ಕೇಳಿ. ಅಮೆರಿಕದ ಮೇಲೆ ಹೋಗುವ ಟಿಕೆಟ್ ಅಗ್ಗವಾಗಿ ಕಂಡರೂ ವಿಮಾನ ಬದಲಿಸಲೂ ಅಲ್ಲಿನ ವೀಸಾ ಬೇಕು.

ಪೆರು, ಬೊಲಿವಿಯಾ, ಎಕ್ವಡೋರ್‌ಗೆ ಹೋಗುವವರು ಹಳದಿ ಜ್ವರದ ಲಸಿಕೆ ಹಾಕಿಸಲೇಬೇಕು. ಹೋಗುವಾಗ ಕೇಳದಿದ್ದರೂ ಬರುವಾಗ ನಮ್ಮವರು ಕೇಳುತ್ತಾರೆ. ಸರ್ಟಿಫಿಕೇಟ್ ಇಲ್ಲದವರನ್ನು ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸುವ ಅಧಿಕಾರ ಅವರಿಗಿದೆ. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕಿಸಬೇಕು, ಪ್ರಯಾಣಕ್ಕೆ ಕನಿಷ್ಠ ಹತ್ತು ದಿನ ಮುಂಚೆ. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತದೆ. ಗ್ವಾಟೆಮಾಲಾ, ಮೆಕ್ಸಿಕೊಗಳಿಗಷ್ಟೇ ಹೋಗಿಬರುವವರಿಗೆ ಈ ಕಾಟವಿಲ್ಲ.

ಇಷ್ಟೆಲ್ಲ ಆಗಿ, ಶಿಶುವಿಹಾರದವರು ತಾರೀಕು ಬರೆದು ಒಪ್ಪಿಗೆ ಕಳಿಸಿದ ಮೇಲೆ ಟಿಕೆಟ್ ತೆಗೆಯಿರಿ. ಮೊದಲು ಟಿಕೆಟ್ ತೆಗೆದವರು ತಮ್ಮ ತಾರೀಕಿಗೆ ಹೊಂದುವ ಶಿಶುವಿಹಾರ ಹುಡುಕುತ್ತಾರೆ. ಸಿಗುತ್ತದೆ, ಆದರೆ ಸಿಗುವುದು ಸೋಮವಾರ ಬಂದುಬಿಡಿ ಎನ್ನುವಂಥದ್ದೇ.